ಅಚ್ಚಿಗಿಳಿದ ಸಕ್ಕರೆ

ದೀಪಾವಳಿ ಕಳೆದು ಕಾರ್ತಿಕದ ಹುಣ್ಣಿಮೆ ಹತ್ತಿರವಾಯಿತೆಂದರೆ ಬಳ್ಳಾರಿ, ಕೊಪ್ಪಳ, ಗದಗ, ರಾಯಚೂರು ಸೀಮೆಯ ಪೇಟೆಗಳಲ್ಲಿ ಸಕ್ಕರೆ ಆರತಿಗಳು ಸಾಲಾಗಿ ಕೂರುತ್ತವೆ. ಆನೆ, ಒಂಟೆ, ನವಿಲು, ತೇರು, ಬಸವಣ್ಣ, ಶಿವಪಾರ್ವತಿ, ಎಲ್ಲವೂ ಸಕ್ಕರೆಯವೇ. ಕೆಲವು ಬಿಳಿ, ಕೆಲವು ಗುಲಾಬಿ, ಕೆಲವು ಹಳದಿ. ಗೌರಿ ಹುಣ್ಣಿಮೆಯ ಸಂಜೆ ಹೆಣ್ಣುಮಕ್ಕಳು ಇವನ್ನು ತಟ್ಟೆಯಲ್ಲಿ ಜೋಡಿಸಿ, ದೀಪ ಹಚ್ಚಿ, ಹಾಡುತ್ತ ಹೋಗಿ ಗೌರಿಗೆ ಬೆಳಗುತ್ತಾರೆ. ಮದುವೆ ಗೊತ್ತಾದ ಹುಡುಗಿ ಮನೆಯಲ್ಲಿದ್ದರಂತೂ ಗಂಡಿನ ಕಡೆಯ ಬೀಗರು ಸೀರೆ, ಹೂವಿನ ದಂಡೆಯ ಜತೆ ಸಕ್ಕರೆ ಆರತಿ ತರಲೇಬೇಕು. ತಂದ ತೇರು ಗೇಣುದ್ದವಿತ್ತೋ ಮೊಳದುದ್ದವಿತ್ತೋ ಎಂಬ ಮಾತು ಮುಂದಿನ ಹುಣ್ಣಿಮೆಯವರೆಗೂ ನಡೆಯುತ್ತದೆ.

ಆದೋನಿ, ಆಲೂರು, ಹೊಳಗುಂದ, ಕೌತಾಳಂ ಕಡೆಯ ಕನ್ನಡ ಮನೆಗಳಿಗೆ ಈ ಹಬ್ಬ ಹೊರಗಿನದಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟುವವರೆಗೆ ಆದೋನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ಅಂದು ಅವೆರಡು ಕರ್ನೂಲು ಜಿಲ್ಲೆಗೂ ರಾಯದುರ್ಗ ಅನಂತಪುರ ಜಿಲ್ಲೆಗೂ ಸೇರಿದವು. ಕಂದಾಯದ ಕಡತ ಬೇರೆಯಾಯಿತು, ಬೀಗತನ ಹಾಗೇ ಉಳಿಯಿತು. ಹೆಣ್ಣು ಕೊಡುವುದು ತರುವುದು ಇಂದಿಗೂ ಗಡಿಯ ಎರಡೂ ಬದಿಗೆ ನಡೆಯುತ್ತದೆ, ಅದರೊಂದಿಗೆ ಸಕ್ಕರೆಯೂ ಓಡಾಡುತ್ತದೆ.

ಈಗ ಇದೇ ಸೀಮೆಯ ಅಡುಗೆಮನೆಗಳಿಗೆ ಇನ್ನೊಂದು ಅಚ್ಚು ಬಂದಿದೆ. ಮನೆಯಲ್ಲೇ ಕೇಕ್ ಮಾಡಿ ಆರ್ಡರ್ ಒಪ್ಪಿಸುವ ಹೆಣ್ಣುಮಕ್ಕಳು ಸಣ್ಣ ಊರುಗಳಲ್ಲೂ ಇದ್ದಾರೆ. ಮೊದಲ ಹುಟ್ಟುಹಬ್ಬ, ಹಾಫ್ ಸಾರಿ ಫಂಕ್ಷನ್, ಮದುವೆಯ ಆರತಕ್ಷತೆ, ಎಲ್ಲಕ್ಕೂ ಕೇಕ್ ಬೇಕು. ಅದೂ ಫೋನಿನಲ್ಲಿ ತೋರಿಸಿದ ಚಿತ್ರದಂತೆಯೇ ಬೇಕು. ಆ ಚಿತ್ರದಲ್ಲಿ ಹೆಚ್ಚಾಗಿ ಕಾಣುವುದು ನುಣುಪಾದ ಫಾಂಡೆಂಟ್ ಹೊದಿಕೆ, ಅದರ ಸುತ್ತ ಜಾಲರಿಯಂಥ ಸಕ್ಕರೆ ಲೇಸು. ಈ ಲೇಸು ಬರುವುದು ಸಿಲಿಕಾನ್ ಅಚ್ಚಿನಿಂದ. ಅಚ್ಚು ಪರದೇಶದ್ದು, ಆನ್‌ಲೈನಿನಲ್ಲಿ ತರಿಸಿದ್ದು. ಆದರೆ ಅದರ ಹಿಂದಿನ ವಿದ್ಯೆ ಈ ನೆಲಕ್ಕೆ ಹಳೆಯದು, ಅಜ್ಜಿಯ ಮರದ ಅಚ್ಚಿನ ಮುಂದೆ ಕೂತು ಕಲಿತವರಿಗೆ ಸಿಲಿಕಾನ್ ಅಚ್ಚು ಅರ್ಧ ಪಾಠವನ್ನು ಮಾತ್ರ ಹೊಸದಾಗಿ ಹೇಳಿಕೊಡುತ್ತದೆ ಎಂಬುದು ನನ್ನ ನಂಬಿಕೆ.

ಸಕ್ಕರೆ ಆರತಿ ಮಾಡುವ ಕೆಲಸವನ್ನು ಹತ್ತಿರ ನಿಂತು ನೋಡಬೇಕು. ಮರದ ಅಚ್ಚು ಎರಡು ಹೋಳಿನದು, ಹೆಚ್ಚಾಗಿ ತೇಗದ್ದು. ಅದನ್ನು ಗಂಟೆಗಟ್ಟಲೆ ನೀರಿನಲ್ಲಿ ನೆನೆಹಾಕುತ್ತಾರೆ. ಒಣಮರ ಪಾಕದ ನೀರನ್ನು ಹೀರಿ ಸಕ್ಕರೆಯನ್ನು ಕಚ್ಚಿಕೊಳ್ಳುತ್ತದೆ, ನೆನೆದ ಮರ ಬಿಟ್ಟುಕೊಡುತ್ತದೆ. ಸಕ್ಕರೆಗೆ ನೀರು ಬೆರೆಸಿ ಕುದಿಯಲು ಇಟ್ಟು ಸ್ವಲ್ಪ ಹಾಲು ಬಿಟ್ಟರೆ, ಕೊಳೆಯೆಲ್ಲ ಹಾಲಿನ ಜತೆ ಹೆಪ್ಪಾಗಿ ನೊರೆಯೊಂದಿಗೆ ಮೇಲೆ ಬರುತ್ತದೆ. ಅದನ್ನು ತೆಗೆದು ಪಾಕವನ್ನು ಬಟ್ಟೆಯಲ್ಲಿ ಸೋಸುತ್ತಾರೆ. ಆಮೇಲೆ ಅಚ್ಚಿಗೆ ಬೇಕಾದಷ್ಟೇ ಪಾಕವನ್ನು ಸಣ್ಣ ಪಾತ್ರೆಗೆ ತೆಗೆದುಕೊಂಡು, ಕುದಿಸಿ, ಸೌಟಿನಿಂದ ಪಾತ್ರೆಯ ಅಂಚಿಗೆ ತಿಕ್ಕುತ್ತ ತಿರುವುತ್ತಾರೆ. ನೋಡನೋಡುತ್ತಲೇ ತಿಳಿಪಾಕ ಹಾಲುಬಣ್ಣಕ್ಕೆ ತಿರುಗುತ್ತದೆ. ಹುಯ್ಯಬೇಕಾದ ಗಳಿಗೆ ಅದೇ. ಅವಸರಪಟ್ಟರೆ ಗೊಂಬೆ ಕಟ್ಟಿಕೊಳ್ಳುವುದಿಲ್ಲ, ತಡೆದರೆ ಪಾತ್ರೆಯಲ್ಲೇ ಕಲ್ಲಾಗುತ್ತದೆ. ದಾರದಲ್ಲೋ ರಬ್ಬರಿನಲ್ಲೋ ಬಿಗಿದ ಅಚ್ಚಿನೊಳಗೆ ಸಕ್ಕರೆ ಕೆಲವೇ ನಿಮಿಷಗಳಲ್ಲಿ ಬಿಗಿಯುತ್ತದೆ. ಹೋಳು ಬಿಡಿಸಿದರೆ ಕುದುರೆಯ ಲಗಾಮಿನ ಗೀರು ಕೂಡ ಮೂಡಿರುತ್ತದೆ.

ಹಾಲುಬಣ್ಣಕ್ಕೆ ತಿರುಗುವುದು ಎಂದರೆ ಪಾಕದೊಳಗೆ ಸಕ್ಕರೆಯ ಹರಳುಗಳು ಹುಟ್ಟುವುದು. ತಿಕ್ಕಿದಷ್ಟೂ ಹೆಚ್ಚು ಹರಳು, ಹೆಚ್ಚಾದಷ್ಟೂ ಸಣ್ಣ ಹರಳು. ಅವು ಒಂದನ್ನೊಂದು ಹಿಡಿದುಕೊಂಡಾಗ ಗೊಂಬೆ ನಿಲ್ಲುತ್ತದೆ. ಪಾಶ್ಚಾತ್ಯ ಮಿಠಾಯಿಗಾರರ ಮೂಲ ಫಾಂಡೆಂಟ್ ಕೂಡ ಇದೇ ದಾರಿಯದು. ಸಕ್ಕರೆ ಪಾಕವನ್ನು ಸುಮಾರು 115 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಅಲುಗಿಸದೆ ಆರಿಸಿ, ಆಮೇಲೆ ಚೆನ್ನಾಗಿ ನಾದುತ್ತಾರೆ. ಅದಕ್ಕೆ ಗ್ಲುಕೋಸ್ ಸೇರಿಸುವುದರಿಂದ ಹರಳುಗಳು ನಾಲಿಗೆಗೆ ಗೊತ್ತಾಗದಷ್ಟು ಸಣ್ಣದಾಗಿಯೇ ಉಳಿಯುತ್ತವೆ. ನಮ್ಮ ಅಡುಗೆಮನೆಯಲ್ಲಿ ಪಾಕ ಸಕ್ಕರೆಗಟ್ಟದಿರಲಿ ಎಂದು ನಿಂಬೆಹುಳಿ ಹಿಂಡುತ್ತಾರಲ್ಲ, ಗ್ಲುಕೋಸಿನ ಕೆಲಸವೂ ಅದೇ. ಕೇಕಿನ ಮೇಲೆ ಹೊದಿಸುವುದು ಇದರ ತಮ್ಮ: ನುಣ್ಣಗೆ ಪುಡಿ ಮಾಡಿದ ಐಸಿಂಗ್ ಶುಗರಿಗೆ ಗ್ಲುಕೋಸ್, ಗ್ಲಿಸರಿನ್, ಒಂದಿಷ್ಟು ಕೊಬ್ಬು, ಜೆಲಟಿನ್ ಅಥವಾ ಸಸ್ಯಜನ್ಯ ಅಂಟು ಸೇರಿಸಿ ನಾದಿದ ಕಣಕ. ಲಟ್ಟಿಸಲು ಬರುತ್ತದೆ, ಮಡಿಚಲು ಬರುತ್ತದೆ, ಅಚ್ಚಿಗೆ ಒತ್ತಲೂ ಬರುತ್ತದೆ.

ಲೇಸು ತೆಗೆಯುವುದರಲ್ಲಿ ಎರಡು ಬಗೆಯಿದೆ, ಹೊಸಬರು ಎಡವುವುದು ಇಲ್ಲೇ. ಒಂದು, ಆಳವಾದ ಸಿಲಿಕಾನ್ ಮೌಲ್ಡ್. ಮಣಿಸರ, ಬಳ್ಳಿ, ಮಾವಿನ ಅಂಚು ಕೊರೆದಿರುವ ಪಟ್ಟಿ. ಇದಕ್ಕೆ ಫಾಂಡೆಂಟನ್ನು ಕೋಡುಬಳೆಯ ಹಾಗೆ ಹೊಸೆದು ಒತ್ತುತ್ತಾರೆ. ಒತ್ತುವ ಮುನ್ನ ಅಚ್ಚಿಗೆ ಕಾರ್ನ್‌ಫ್ಲೋರ್ ಉದುರಿಸಿ, ಹೆಚ್ಚಾದದ್ದನ್ನು ತಟ್ಟಿ ಬೀಳಿಸಬೇಕು. ಮೇಲೆ ಉಬ್ಬಿದ್ದನ್ನು ಚಾಕುವಿನಿಂದ ಸಮನಾಗಿ ಕೊಯ್ದು, ಫ್ರೀಜರಿನಲ್ಲಿ ಹತ್ತು ನಿಮಿಷ ಇಟ್ಟು, ಅಚ್ಚನ್ನು ಬಾಗಿಸಿದರೆ ಪಟ್ಟಿ ತಾನಾಗಿ ಹೊರಬರುತ್ತದೆ. ಫಾಂಡೆಂಟ್ ತೀರ ಮೆದುವಾಗಿದ್ದರೆ ಕಾಲು ಕಿಲೊಗೆ ಒಂದು ಟೀ ಚಮಚದ ಲೆಕ್ಕದಲ್ಲಿ ಟೈಲೋಸ್ ಎಂಬ ಅಂಟಿನ ಪುಡಿ ಸೇರಿಸಿ ನಾದುತ್ತಾರೆ.

ಎರಡನೆಯದು ಲೇಸ್ ಮ್ಯಾಟ್. ಚಪ್ಪಟೆ ಹಾಸು, ಅದರ ಮೇಲೆ ಕೂದಲೆಳೆಯಷ್ಟು ಆಳದ ಕೊರೆತ. ಇದಕ್ಕೆ ಫಾಂಡೆಂಟ್ ಒತ್ತಿದರೆ ಕೆಲಸ ಕೆಟ್ಟಂತೆಯೇ. ಬೇಕಾದದ್ದು ಲೇಸ್ ಮಿಕ್ಸ್ ಎಂದು ಮಾರುವ ಪುಡಿಯನ್ನು ನೀರಿನಲ್ಲಿ ಕಲಸಿದ ಗಟ್ಟಿ ಹಿಟ್ಟು. ಚೆನ್ನಾಗಿ ಬೀಸಿದ ಮೇಲೆ ಗಾಳಿಗುಳ್ಳೆ ಇಳಿಯಲು ಬಿಟ್ಟು, ಅಗಲ ಚಾಕುವಿನಿಂದ ಮ್ಯಾಟಿನ ಮೇಲೆ ಸವರುತ್ತಾರೆ. ಮೊದಲ ಸಲ ಒತ್ತಿ, ಕೊರೆತದ ಸಂದಿಗೊಂದಿಗೆಲ್ಲ ಹೋಗುವಂತೆ. ಎರಡನೆಯ ಸಲ ಚಾಕುವನ್ನು ಓರೆಯಾಗಿ ಹಿಡಿದು, ಮೇಲ್ಮೈಯಲ್ಲಿ ಏನೂ ಉಳಿಯದಂತೆ ಕೆರೆದು. ಈ ಕೆರೆಯುವುದರಲ್ಲೇ ಲೇಸಿನ ಹಣೆಬರಹವಿದೆ. ತೂತುಗಳ ಮೇಲೆ ಹಿಟ್ಟಿನ ಪೊರೆ ಉಳಿದರೆ ಜಾಲರಿ ಎಲ್ಲಿಂದ ಬರಬೇಕು? ಓವನ್ನಿನಲ್ಲಿ 70-80 ಡಿಗ್ರಿಗೆ ಹತ್ತು ಹದಿನೈದು ನಿಮಿಷ ಒಣಗಿಸಬಹುದು, ಇಲ್ಲವೇ ರಾತ್ರಿಯಿಡೀ ಫ್ಯಾನಿನ ಕೆಳಗೆ ಬಿಡಬಹುದು. ಒಣಗಿದ ಮೇಲೆ ಲೇಸನ್ನು ಹಿಡಿದು ಎಳೆಯಬಾರದು. ಮ್ಯಾಟನ್ನು ಬೋರಲು ಹಾಕಿ, ಲೇಸನ್ನು ಮೇಜಿಗೆ ಅದುಮಿಟ್ಟುಕೊಂಡು, ಮ್ಯಾಟನ್ನೇ ಮೆಲ್ಲಗೆ ಸುಲಿಯಬೇಕು. ಬಟ್ಟೆಯಂತೆ ಬಾಗುವ, ಕತ್ತರಿಗೆ ಸಿಗುವ, ಬಾಯಲ್ಲಿ ಕರಗುವ ಪಟ್ಟಿ ಕೈಗೆ ಬರುತ್ತದೆ.

ಇದು ಬಾಗುವುದು ಹೇಗೆ? ಇಲ್ಲಿ ಹರಳುಗಳಿಗೆ ಕೆಲಸವಿಲ್ಲ. ಲೇಸ್ ಮಿಕ್ಸಿನಲ್ಲಿ ಸಕ್ಕರೆಯ ಜತೆ ಪಿಷ್ಟ, ಅಂಟು, ಕೆಲವದರಲ್ಲಿ ಮೊಟ್ಟೆಯ ಬಿಳಿಯ ಪುಡಿ ಇರುತ್ತದೆ. ಈ ಉದ್ದುದ್ದ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಪೊರೆಯಾಗುತ್ತವೆ, ಸಕ್ಕರೆ ಸಂದಿನಲ್ಲಿ ತುಂಬಿಕೊಳ್ಳುತ್ತದೆ. ಗ್ಲಿಸರಿನ್ ಒಂದಿಷ್ಟು ತೇವ ಹಿಡಿದಿಟ್ಟು ಮುರಿಯದಂತೆ ಕಾಯುತ್ತದೆ. ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರ ಓದಿದರೆ ಐಎನ್‌ಎಸ್ 466 ಎಂಬ ಸಂಖ್ಯೆ ಎಷ್ಟೋ ಸಲ ಸಿಗುತ್ತದೆ. ಅದು ಕಾರ್ಬಾಕ್ಸಿಮಿಥೈಲ್ ಸೆಲ್ಯುಲೋಸ್, ಚಿಕ್ಕದಾಗಿ ಸಿಎಂಸಿ. ಬೇಕರಿ ಸಾಮಾನಿನ ಅಂಗಡಿಯಲ್ಲಿ ಟೈಲೋಸ್ ಎಂದು ಕೇಳಿದರೆ ಕೊಡುವುದೂ ಇದನ್ನೇ. ಇದರ ಮೂಲ ಮರದ ತಿರುಳು ಅಥವಾ ಹತ್ತಿಬೀಜಕ್ಕೆ ಅಂಟಿದ ಗಿಡ್ಡ ನಾರು.

ಹತ್ತಿಯ ಮಾತು ಬಂದರೆ ಆದೋನಿಯನ್ನು ಬಿಟ್ಟು ಮುಂದೆ ಹೋಗಲಾಗದು. ಆಂಧ್ರದ ದೊಡ್ಡ ಹತ್ತಿ ಮಾರುಕಟ್ಟೆಗಳಲ್ಲಿ ಇದೂ ಒಂದು. ಸುತ್ತಲಿನ ಕಪ್ಪುನೆಲದ ಹಳ್ಳಿಗಳಿಂದ ಬಂದ ಹತ್ತಿ ಯಾರ್ಡಿನಲ್ಲಿ ಹರಾಜಾಗಿ, ಜಿನ್ನಿಂಗ್ ಮಿಲ್ಲಿನಲ್ಲಿ ಅರಳೆ ಬೇರೆ ಬೀಜ ಬೇರೆ ಆಗುತ್ತದೆ. ಬೀಜ ಗಾಣಕ್ಕೆ ಹೋಗುತ್ತದೆ. ಜಿನ್ನಿಂಗಿನಲ್ಲಿ ಉದ್ದನೆಯ ಎಳೆ ಹೋದ ಮೇಲೂ ಬೀಜದ ಮೈಮೇಲೆ ಮಖಮಲ್ಲಿನಂಥ ಗಿಡ್ಡ ನಾರು ಉಳಿದಿರುತ್ತದೆ, ವ್ಯಾಪಾರದಲ್ಲಿ ಅದಕ್ಕೆ ಲಿಂಟರ್ ಎನ್ನುತ್ತಾರೆ. ನೂಲಲು ಬಾರದು. ಆದರೆ ಪ್ರಕೃತಿಯಲ್ಲಿ ಸಿಗುವ ಅತಿ ಶುದ್ಧ ಸೆಲ್ಯುಲೋಸ್‌ಗಳಲ್ಲಿ ಅದೂ ಒಂದು. ಅದನ್ನು ಕಾಸ್ಟಿಕ್ ಸೋಡಾ, ಮೊನೊಕ್ಲೋರೊ ಅಸಿಟಿಕ್ ಆಮ್ಲಗಳೊಂದಿಗೆ ಸಂಸ್ಕರಿಸಿದರೆ ನೀರಿನಲ್ಲಿ ಕರಗುವ ಅಂಟಾಗುತ್ತದೆ. ಆದೋನಿಯ ಲಿಂಟರೇ ಆದೋನಿಯ ಕೇಕಿಗೆ ಮರಳಿ ಬರುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ಲೇಸು ದಾರದ್ದಾಗಲಿ ಸಕ್ಕರೆಯದಾಗಲಿ, ಅದನ್ನು ಹಿಡಿದು ನಿಲ್ಲಿಸುವ ವಸ್ತು ಒಂದೇ ಗಿಡದಲ್ಲಿ ಸಿಗುತ್ತದೆ, ಆ ಗಿಡ ಈ ಊರಿನ ಹೊಲದಲ್ಲಿದೆ. ಸಕ್ಕರೆಗೆ ಅಂಟು ಹುಡುಕುವ ಚಾಳಿ ಹಳೆಯದೇ. ಯುರೋಪಿನವರು ಸಕ್ಕರೆ ಕಣಕಕ್ಕೆ ಇರಾನಿನ ಟ್ರಾಗಕಾಂತ್ ಗೋಂದು ಬಳಸುತ್ತಿದ್ದರು. ಅದಕ್ಕೆ ಬದಲಿಯಾಗಿ ಭಾರತದಿಂದ ಹೋಗುತ್ತಿದ್ದದ್ದು ಕರಾಯ ಗೋಂದು, ಆಂಧ್ರದ ಗಿರಿಜನರು ಕಾಡಿನ ಮರದಿಂದ ಇಳಿಸುವಂಥದ್ದು.

ಸಕ್ಕರೆಯನ್ನು ಬಟ್ಟೆಯಾಗಿಸುವ ಮೋಹ ಮೊದಲು ಅರಮನೆಗಳಲ್ಲಿ ಹತ್ತಿಕೊಂಡಿತು. 1574ರಲ್ಲಿ ಫ್ರಾನ್ಸಿನ ದೊರೆ ಮೂರನೆಯ ಹೆನ್ರಿ ವೆನಿಸ್‌ಗೆ ಬಂದಾಗ ಔತಣದ ಮೇಜಿನ ಬಟ್ಟೆ, ತಟ್ಟೆ, ಚಾಕು, ರೊಟ್ಟಿ ಎಲ್ಲವನ್ನೂ ಸಕ್ಕರೆಯಲ್ಲೇ ಮಾಡಿದ್ದರಂತೆ. ಕರವಸ್ತ್ರ ಎತ್ತಿಕೊಂಡರೆ ಅದು ಕೈಯಲ್ಲೇ ಪುಡಿಯಾಯಿತು ಎಂಬ ಕತೆ ಇದೆ. 1840ರಲ್ಲಿ ವಿಕ್ಟೋರಿಯಾ ರಾಣಿಯ ಮದುವೆಯ ಕೇಕು ಬಿಳಿ ಸಕ್ಕರೆಯ ಹೊದಿಕೆಗೆ ಹೆಸರು ತಂದಿತು. ಮೊಟ್ಟೆಯ ಬಿಳಿ, ಸಕ್ಕರೆ ಪುಡಿ ಬೀಸಿದ ರಾಯಲ್ ಐಸಿಂಗನ್ನು ಕೊಳವೆಯಲ್ಲಿ ತುಂಬಿ ಎಳೆಎಳೆಯಾಗಿ ಬಿಟ್ಟು ಲೇಸು ಬಿಡಿಸುವ ಕಲೆ ಅಲ್ಲಿಂದ ಬೆಳೆಯಿತು. ಜೋಸೆಫ್ ಲ್ಯಾಂಬೆತ್ ಎಂಬ ಕುಶಲಿ 1930ರ ದಶಕದಲ್ಲಿ ಇದಕ್ಕೆ ಪಠ್ಯದಂಥ ಪುಸ್ತಕವನ್ನೇ ಬರೆದರು. 2011ರಲ್ಲಿ ಬ್ರಿಟನ್ನಿನ ರಾಜಕುಮಾರ ವಿಲಿಯಂ ಮದುವೆಗೆ ಫಿಯೊನಾ ಕೇರ್ನ್ಸ್ ಮಾಡಿದ ಎಂಟು ಅಂತಸ್ತಿನ ಕೇಕಿನಲ್ಲೂ ಅದೇ ಪದ್ಧತಿಯ ಕೆಲಸವಿತ್ತು. ಕೊಳವೆ ಹಿಡಿದು ವರ್ಷಗಟ್ಟಲೆ ಕೈ ಪಳಗಿಸಬೇಕಾದ ಆ ಕಲೆಯನ್ನು ಮ್ಯಾಟು ಒಂದು ಮಧ್ಯಾಹ್ನದ ಕೆಲಸಕ್ಕೆ ಇಳಿಸಿತು. ಇದಕ್ಕೆ ಮೂಗು ಮುರಿಯುವವರಿದ್ದಾರೆ. ನಾನು ಆ ಗುಂಪಿನವನಲ್ಲ. ಮರದ ಅಚ್ಚಿನಲ್ಲಿ ತೇರು ಎರಕ ಹೊಯ್ದವರನ್ನು ಶಿಲ್ಪಿಯಲ್ಲ ಎಂದು ಯಾರೂ ಜರೆಯಲಿಲ್ಲವಲ್ಲ.

ದಾರದ ಲೇಸಿನ ಹಿರಿಮೆಯೂ ಆಂಧ್ರಕ್ಕಿದೆ. ಗೋದಾವರಿ ಸೀಮೆಯ ನರಸಾಪುರದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಮಿಷನರಿಗಳು ಕಲಿಸಿದ ಕ್ರೋಶಾ ಲೇಸು ಹೊರದೇಶಗಳ ಪೇಟೆಗೆ ಹೋಗುತ್ತ ಬಂದಿದೆ. ಮನೆಯ ಜಗಲಿಯಲ್ಲಿ ಕೂತು ಹೆಣೆಯುವ ಹೆಂಗಸರಿಗೆ ಅದರಿಂದ ದಕ್ಕುವ ಪುಡಿಗಾಸು ಎಷ್ಟು ಕಡಿಮೆ ಎಂಬುದನ್ನು ಜರ್ಮನ್ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ 1982ರಲ್ಲೇ ಪುಸ್ತಕ ಬರೆದು ತೋರಿಸಿದರು. ಮನೆಯಲ್ಲೇ ಕೇಕ್ ಮಾಡುವವರೂ ಈ ಮಾತನ್ನು ಕಿವಿಗೆ ಹಾಕಿಕೊಳ್ಳುವುದು ಒಳ್ಳೆಯದು. ಹಿಟ್ಟು ಸಕ್ಕರೆಯ ಲೆಕ್ಕ ಹಾಕಿ, ಲೇಸು ಸುಲಿಯುತ್ತ ಕೂತ ರಾತ್ರಿಯ ಲೆಕ್ಕ ಬಿಟ್ಟುಬಿಡುವುದು ಈ ಕಸುಬಿನ ಮಾಮೂಲಿ ರೋಗ. ನರಸಾಪುರದ ಲೇಸಿನಿಂದ ಇನ್ನೊಂದು ಉಪಯೋಗವೂ ಉಂಟು. ಮ್ಯಾಟ್ ಇಲ್ಲದವರು ತೊಳೆದು ಒಣಗಿಸಿದ ಕ್ರೋಶಾ ಅಂಚನ್ನು ಲಟ್ಟಿಸಿದ ಫಾಂಡೆಂಟಿನ ಮೇಲೆ ಹಾಸಿ ಲಟ್ಟಣಿಗೆ ಆಡಿಸಿದರೆ, ಅದರ ಮುದ್ರೆ ಚೊಕ್ಕವಾಗಿ ಬೀಳುತ್ತದೆ.

ಇನ್ನು ಹವೆ. ಸಕ್ಕರೆಯ ಕೆಲಸ ಹಾಳಾಗುವುದು ಬಿಸಿಲಿಗಿಂತ ತೇವದಿಂದ ಹೆಚ್ಚು. ಸಕ್ಕರೆ ಗಾಳಿಯ ನೀರನ್ನು ಎಳೆದುಕೊಳ್ಳುತ್ತದೆ. ಮಂಗಳೂರಿನಲ್ಲೋ ಕಾಸರಗೋಡಿನಲ್ಲೋ ಮಳೆಗಾಲದಲ್ಲಿ ಲೇಸು ಒಣಗಿಸಲು ಹೋದವರಿಗೆ ಕೇಳಿ, ಅವರು ಪಾಡು ಹೇಳುತ್ತಾರೆ. ಮಳೆನೆರಳಿನ ಆದೋನಿ ಸೀಮೆಗೆ ಆ ಕಾಟ ಕಡಿಮೆ. ಹಳಬರ ಪಂಚಾಂಗದಲ್ಲೂ ಈ ಜಾಣ್ಮೆ ಇದೆ ಎಂದೇ ನನಗೆ ಕಾಣುತ್ತದೆ: ಇಲ್ಲಿನ ಗೌರಿ ಹುಣ್ಣಿಮೆಯ ಆರತಿ, ಮೈಸೂರು ಕಡೆಯ ಸಂಕ್ರಾಂತಿಯ ಸಕ್ಕರೆ ಅಚ್ಚು, ಎರಡೂ ಬರುವುದು ಮಳೆ ಹಿಂದೆ ಸರಿದು ಗಾಳಿ ಒಣಗಿದ ಚಳಿಯ ತಿಂಗಳುಗಳಲ್ಲಿ. ಒಣಹವೆಯ ತೊಂದರೆ ಬೇರೆ ಬಗೆಯದು. ಇಲ್ಲಿ ಲೇಸು ಬೇಗ ಒಣಗುತ್ತದೆ, ಅತಿಯಾಗಿ ಒಣಗಿದರೆ ಹಪ್ಪಳದಂತೆ ಚಟಚಟ ಮುರಿಯುತ್ತದೆ. ಆಗ ಹಿಟ್ಟಿಗೆ ಎರಡು ಹನಿ ಗ್ಲಿಸರಿನ್ ಹೆಚ್ಚು ಹಾಕಬೇಕು, ತೆಗೆದಿಟ್ಟ ಲೇಸನ್ನು ಬೆಣ್ಣೆ ಕಾಗದದ ನಡುವೆ ಮುಚ್ಚಿದ ಡಬ್ಬಿಯಲ್ಲಿಡಬೇಕು.

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಲೇಸಿಗಿಂತ ಅದರಡಿಯ ಕೇಕಿನದೇ ದೊಡ್ಡ ಚಿಂತೆ. ಬೆಣ್ಣೆ ಸುಮಾರು 32-35 ಡಿಗ್ರಿಗೇ ಕರಗುತ್ತದೆ, ಹಾಗಾಗಿ ಬಟರ್ ಕ್ರೀಮ್ ನೆಚ್ಚಿದವರ ಫಾಂಡೆಂಟ್ ದಾರಿಯಲ್ಲೇ ಜಾರಿ ಸುಕ್ಕುಗಟ್ಟುತ್ತದೆ. ವಿಪ್ಪಿಂಗ್ ಕ್ರೀಮಿನ ಮೇಲೆ ಫಾಂಡೆಂಟ್ ಹೊದಿಸುವುದು ಇನ್ನೂ ಅಪಾಯ, ಕ್ರೀಮಿನ ನೀರು ಹೊದಿಕೆಯನ್ನು ಕರಗಿಸುತ್ತದೆ. ಚಾಕೊಲೇಟ್ ಗನಾಶ್ ಒಂದೇ ಇಲ್ಲಿ ನಂಬಿಕೆಗೆ ಅರ್ಹ. ಅದೂ ಬೇಸಿಗೆಗೆ ಗಟ್ಟಿ ಅಳತೆಯದು: ಡಾರ್ಕ್ ಚಾಕೊಲೇಟಾದರೆ ಎರಡು ಪಾಲಿಗೆ ಒಂದು ಪಾಲು ಕ್ರೀಮು, ಬಿಳಿಯದಾದರೆ ಮೂರು ಪಾಲಿಗೆ ಒಂದು. ಫ್ರಿಜ್‌ನಿಂದ ತೆಗೆದ ಕೇಕು ಬೆವರುತ್ತದೆ. ಬೆವರಿದಾಗ ಒರೆಸಬಾರದು, ಮುಟ್ಟಲೂಬಾರದು; ಫ್ಯಾನಿನ ಕೆಳಗಿಟ್ಟರೆ ತಾನೇ ಆರುತ್ತದೆ. ಲೇಸನ್ನು ಅಂಟಿಸುವುದು ಬೆವರು ಆರಿದ ಮೇಲೆ, ಕುಂಚದಲ್ಲಿ ನೀರಿನ ಪಸೆ ಮಾತ್ರ ಸವರಿ. ನೀರು ಹೆಚ್ಚಾದರೆ ಅಂಟುವ ಬದಲು ಕರಗುತ್ತದೆ. ಕ್ರೀಮ್ ಕೇಕಿಗೇ ಲೇಸು ಬೇಕೆಂದು ಹಟ ಹಿಡಿದವರಿಗೆ, ಕೇಕ್ ಕೊಯ್ಯುವ ಸ್ವಲ್ಪ ಮುಂಚೆ ಇಟ್ಟುಕೊಡಿ. ಬೆಳಿಗ್ಗೆ ಇಟ್ಟ ಲೇಸು ಸಂಜೆಗೆ ಇರುವುದಿಲ್ಲ.

ಲಿಂಗಾಯತ, ವೈಶ್ಯ, ಬ್ರಾಹ್ಮಣ ಮನೆಗಳ ಆರ್ಡರ್ ಹಿಡಿಯುವವರು ಪೊಟ್ಟಣದ ಹಸಿರು ಚುಕ್ಕೆ ನೋಡಿಯೇ ಕೊಳ್ಳಬೇಕು. ಮೊಟ್ಟೆಯಿಲ್ಲದ ಕೇಕಿನ ರೂಢಿಯನ್ನು ಅಯ್ಯಂಗಾರ್ ಬೇಕರಿಗಳು ಆಂಧ್ರದ ಊರೂರಿಗೂ ಎಂದೋ ತಲುಪಿಸಿವೆ. ಆದರೆ ಕೇಕಿನಲ್ಲಿ ಮೊಟ್ಟೆ ಬಿಟ್ಟು ಹೊದಿಕೆಯಲ್ಲಿ ದನದ ಜೆಲಟಿನ್ನೋ, ಲೇಸಿನಲ್ಲಿ ಮೊಟ್ಟೆಪುಡಿಯೋ ಸೇರಿಸಿದರೆ ಅದು ಗಿರಾಕಿಗೆ ಮಾಡುವ ಮೋಸ. ಸಸ್ಯಾಹಾರಿ ಫಾಂಡೆಂಟ್, ಮೊಟ್ಟೆಯಿಲ್ಲದ ಲೇಸ್ ಮಿಕ್ಸ್ ಎರಡೂ ಪೇಟೆಯಲ್ಲಿ ಸಿಗುತ್ತವೆ.

ರುಚಿಯ ಬಗ್ಗೆ ಮುಚ್ಚುಮರೆ ಬೇಡ. ಫಾಂಡೆಂಟ್ ನೋಡಲು ಚೆಂದ, ತಿನ್ನಲು ಬರೀ ಸಿಹಿ. ಮಕ್ಕಳು ಸುಲಿದು ತಟ್ಟೆಯ ಅಂಚಿಗೆ ಇಡುತ್ತಾರೆ. ಸಕ್ಕರೆ ಆರತಿಯನ್ನು ಹಾಗೆ ಬಿಟ್ಟವರನ್ನು ನಾನು ಕಂಡಿಲ್ಲ. ಒಂಟೆಯ ಕಾಲು ಮುರಿದು ಬಾಯಿಗೆ, ಉಳಿದದ್ದು ಮರುದಿನದ ಚಹಾಕ್ಕೆ. ಹಾಗಾಗಿ ಲೇಸನ್ನು ಹಾಕುವವರು ಹೊದಿಕೆಯನ್ನು ಮೂರು ಮಿಲಿಮೀಟರಿಗಿಂತ ದಪ್ಪ ಮಾಡದಿದ್ದರೆ ತಿನ್ನುವವರು ಹರಸುತ್ತಾರೆ. ಲೇಸನ್ನು ಎಲ್ಲೆಡೆ ಸುತ್ತುವ ಹಂಬಲವೂ ಬೇಡ. ಅಂಚಿಗೆ ಒಂದು ಪಟ್ಟಿ, ಕೇಕು ಹಲಗೆಗೆ ಕೂಡುವ ಸಂದು ಮುಚ್ಚುವಂತೆ; ಮೇಲಿನ ಅಂತಸ್ತಿನಿಂದ ಸೆರಗಿನಂತೆ ಇಳಿಬಿಟ್ಟ ಒಂದು ತುಂಡು. ಅಷ್ಟು ಸಾಕು. ಉಳಿದ ಜಾಗ ಬೋಳಾಗಿದ್ದರೇ ಲೇಸು ಕಣ್ಣಿಗೆ ಬೀಳುವುದು.

ಚಿತ್ರವಾದರೂ ಯಾಕೆ ಎಲ್ಲ ಕಡೆ ಅದೇ ಫ್ರೆಂಚ್ ಗುಲಾಬಿ, ಅದೇ ಬಳ್ಳಿ? ಆದೋನಿಯ ಪಕ್ಕದ ಎಮ್ಮಿಗನೂರು ಕೈಮಗ್ಗದ ಊರು. ಮಾಚಾನಿ ಸೋಮಪ್ಪನವರು 1938ರಲ್ಲಿ ಕಟ್ಟಿದ ನೇಕಾರರ ಸಹಕಾರ ಸಂಘ ಅಲ್ಲಿನದು. ಸೀರೆಯ ದಡಿಯಲ್ಲಿರುವ ರುದ್ರಾಕ್ಷಿ, ಗೋಪುರ, ಮಾವು ಕೇಕಿನ ಮೇಲೂ ಕೂರಬಲ್ಲವು. ಇವಕ್ಕೆ ಮ್ಯಾಟು ಸಿಗದಿದ್ದರೆ ಅಚ್ಚನ್ನು ನಾವೇ ಮಾಡಿಕೊಳ್ಳಬಹುದು, ಮಾದರಿ ಅಟ್ಟದ ಮೇಲೇ ಇದೆ.

ಅಜ್ಜಿಯ ಕಾಲದ ಸಕ್ಕರೆ ಆರತಿಯ ಅಚ್ಚುಗಳು ಎಷ್ಟೋ ಮನೆಗಳಲ್ಲಿ ಧೂಳು ತಿನ್ನುತ್ತಿವೆ, ಕೆಲವು ಒಲೆಗೂ ಹೋಗಿವೆ. ಕೆತ್ತುವ ಕೈಗಳು ಕಡಿಮೆಯಾದ ಮೇಲೆ ಹೋದ ಅಚ್ಚು ಹೋದಂತೆಯೇ. ದಯವಿಟ್ಟು ಅವನ್ನು ಇಳಿಸಿ, ತೊಳೆದು, ನೆರಳಿನಲ್ಲಿ ಒಣಗಿಸಿ. ಕಾರ್ನ್‌ಫ್ಲೋರ್ ಉದುರಿಸಿ ಒಂದು ಹೋಳಿಗೆ ಫಾಂಡೆಂಟ್ ಒತ್ತಿ ನೋಡಿ; ನವಿಲೋ ಕಳಶವೋ ಹಾಗೇ ಎದ್ದು ಬರುತ್ತದೆ, ಕೇಕಿನ ಬದಿಗೆ ಅಂಟಿಸಬಹುದು. ಮೂಲ ಅಚ್ಚನ್ನು ಸವೆಸಲು ಮನಸ್ಸಿಲ್ಲದಿದ್ದರೆ ಅದರಲ್ಲಿ ಒಂದು ಸಕ್ಕರೆ ಗೊಂಬೆ ಹೊಯ್ದು, ಒಂದು ಮಗ್ಗುಲನ್ನು ಡಬ್ಬಿಯ ತಳಕ್ಕೆ ಅಂಟಿಸಿ, ಆಹಾರಕ್ಕೆ ಯೋಗ್ಯವೆಂದು ನಮೂದಿಸಿದ ಪ್ಲಾಟಿನಮ್ ಬಗೆಯ ಎರಡು ದ್ರವದ ಸಿಲಿಕಾನನ್ನು ಸುತ್ತ ಹುಯ್ಯಿರಿ. ತವರದ ಬಗೆಯದು ತಿನ್ನುವ ವಸ್ತುವಿಗೆ ಬೇಡ. ಹತ್ತಿರ ರಬ್ಬರ್ ಬ್ಯಾಂಡ್ ಇಡಬೇಡಿ, ಅದರ ಗಂಧಕ ತಗುಲಿದರೆ ಸಿಲಿಕಾನ್ ಕಟ್ಟಿಕೊಳ್ಳುವುದಿಲ್ಲ. ಬಿಗಿದ ಮೇಲೆ ಬಿಸಿನೀರಿನಲ್ಲಿ ಇಟ್ಟರೆ ಒಳಗಿನ ಗೊಂಬೆ ಕರಗಿ ಹೋಗುತ್ತದೆ, ಅಚ್ಚು ಉಳಿಯುತ್ತದೆ. ಗೌರಿ ಹುಣ್ಣಿಮೆಗೆ ಮೊದಲೇ ಒಂದನ್ನಾದರೂ ಮಾಡಿಟ್ಟುಕೊಳ್ಳಿ. ಬೀಗರ ಮನೆಗೆ ಆರತಿಯ ಜತೆ ಕೇಕನ್ನೂ ಒಯ್ಯುವ ಕಾಲ ಇದು.